ಗೋಡೆ ತಾಳಿದಷ್ಟು ಹೊತ್ತು

1968ರ ಆಗಸ್ಟ್ ತಿಂಗಳು. ಸೈಬೀರಿಯಾದ ನೋವೊಸಿಬಿರ್ಸ್ಕ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಸೋವಿಯತ್ ಭೌತವಿಜ್ಞಾನಿ ಲೆವ್ ಆರ್ಟ್ಸಿಮೋವಿಚ್ ಒಂದು ಅಂಕಿಯನ್ನು ಸಭೆಯ ಮುಂದಿಟ್ಟರು. ಮಾಸ್ಕೋದ ಕುರ್ಚಟೋವ್ ಸಂಸ್ಥೆಯಲ್ಲಿರುವ ಟಿ-3 ಎಂಬ ಬೈಜಿಕ ಸಮ್ಮಿಲನ ಯಂತ್ರದೊಳಗೆ ಎಲೆಕ್ಟ್ರಾನುಗಳು ಸುಮಾರು 1 ಕೋಟಿ ಡಿಗ್ರಿ ಮುಟ್ಟಿವೆ ಎಂದರು. ಪಶ್ಚಿಮದ ವಿಜ್ಞಾನಿಗಳಿಗೆ ನಂಬಿಕೆ ಬರಲಿಲ್ಲ. ಅವರ ಯಾವ ಯಂತ್ರವೂ ಅದರ ಹತ್ತಿರಕ್ಕೆ ಸುಳಿದಿರಲಿಲ್ಲ. ರಷ್ಯನ್ನರು ಅಳೆಯುವಾಗ ಎಲ್ಲೋ ಎಡವಿರಬೇಕು ಎಂಬ ಗುಮಾನಿ ಬಲವಾಗಿತ್ತು. ಆರ್ಟ್ಸಿಮೋವಿಚ್ ವಾದಕ್ಕಿಳಿಯಲಿಲ್ಲ. ನಿಮ್ಮ ಉಪಕರಣ ತನ್ನಿ, ನೀವೇ ಅಳೆದು ನೋಡಿ ಎಂದು ಇಂಗ್ಲೆಂಡಿನ ಕಲ್ಹಂ ಪ್ರಯೋಗಾಲಯದವರನ್ನು ಕರೆದರು. ಅದೇ ಆಗಸ್ಟ್ ಮುಗಿಯುವುದರೊಳಗೆ ಸೋವಿಯತ್ ಟ್ಯಾಂಕುಗಳು ಪ್ರಾಗ್ ನಗರವನ್ನು ಹೊಕ್ಕವು. ಅಷ್ಟಾದರೂ ಆಹ್ವಾನ ಮುರಿದುಬೀಳಲಿಲ್ಲ ಎನ್ನುವುದು ಶೀತಲ ಸಮರದ ಚರಿತ್ರೆಯಲ್ಲೇ ಒಂದು ಸೋಜಿಗ.

ನಿಕೋಲ್ ಪೀಕಾಕ್, ಡೆರೆಕ್ ರಾಬಿನ್ಸನ್ ಮತ್ತವರ ಜೊತೆಗಾರರು ಟನ್ನುಗಟ್ಟಲೆ ಸಾಮಾನಿನೊಂದಿಗೆ ಮಾಸ್ಕೋ ತಲುಪಿದರು. ಪ್ಲಾಸ್ಮಾದೊಳಗೆ, ಅಂದರೆ ಎಲೆಕ್ಟ್ರಾನುಗಳು ಬೇರ್ಪಟ್ಟ ಬಿಸಿ ಅನಿಲದೊಳಗೆ, ಲೇಸರ್ ಕಿರಣ ಹಾಯಿಸಿ, ಎಲೆಕ್ಟ್ರಾನುಗಳಿಗೆ ತಾಗಿ ಚೆದುರಿದ ಬೆಳಕಿನ ಬಣ್ಣ ಎಷ್ಟು ಹರಡಿಕೊಂಡಿದೆ ಎಂಬುದರಿಂದ ಉಷ್ಣತೆಯನ್ನು ಕಂಡುಹಿಡಿಯುವುದು ಅವರ ವಿಧಾನ. 1969ರ ನವೆಂಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಬಂತು: ರಷ್ಯನ್ನರು ಹೇಳಿದ್ದು ನಿಜ. ಅಮೆರಿಕದ ಪ್ರಿನ್ಸ್‌ಟನ್‌ನವರು ತಮ್ಮ ಸ್ಟೆಲರೇಟರ್ ಎಂಬ ಬೇರೆ ಬಗೆಯ ಯಂತ್ರವನ್ನು ಬಿಚ್ಚಿ, ಕೆಲವೇ ತಿಂಗಳಲ್ಲಿ ಅದನ್ನೇ ಟಿ-3ರಂಥ ಟೋಕಮಾಕ್ ಆಗಿ ಕಟ್ಟಿಕೊಂಡರು. ಹೆಸರು ರಷ್ಯನ್ನರದೇ ಉಳಿಯಿತು.

ಈ ಪ್ರಸಂಗವನ್ನು ಹೇಳುವವರೆಲ್ಲ ಇಲ್ಲಿ ಚಪ್ಪಾಳೆ ತಟ್ಟಿ ಮುಂದಿನ ಡಿಗ್ರಿಗೆ ಹಾರುತ್ತಾರೆ. 1 ಕೋಟಿ, 6 ಕೋಟಿ, 10 ಕೋಟಿ ಎಂದು ಏರುತ್ತ ಹೋಗುವ ಉಷ್ಣತೆಯ ಪಟ್ಟಿಯೇ ಬೈಜಿಕ ಸಮ್ಮಿಲನದ ಚರಿತ್ರೆ ಎಂಬಂತೆ. ಆ 1 ಕೋಟಿ ಡಿಗ್ರಿ ನಿಂತದ್ದು ಎಷ್ಟು ಹೊತ್ತು ಎಂದು ಕೇಳಿದರೆ ಉತ್ತರ ಮಿಲಿಸೆಕೆಂಡುಗಳಲ್ಲಿ ಸಿಗುತ್ತದೆ. ವಿದ್ಯುತ್ ಸ್ಥಾವರ ತಿಂಗಳುಗಟ್ಟಲೆ ಉರಿಯಬೇಕು. ಮಿಲಿಸೆಕೆಂಡುಗಳ ಆ ಪ್ಲಾಸ್ಮಾ 2025ರ ಫೆಬ್ರುವರಿ ಹೊತ್ತಿಗೆ 22 ನಿಮಿಷಕ್ಕೆ ಬೆಳೆದದ್ದು ಹೇಗೆ ಎಂಬುದು ನನಗೆ ಡಿಗ್ರಿಗಳ ಕತೆಗಿಂತ ದೊಡ್ಡದಾಗಿ ಕಾಣುತ್ತದೆ. ಅದರಲ್ಲಿ ಬೆಂಕಿಗಿಂತ ಹೆಚ್ಚು ಮಾತು ಬರುವುದು ಗೋಡೆಯ ಬಗ್ಗೆ.

ಟೋಕಮಾಕ್ ಒಳಗೆ ಉಂಗುರದಂತೆ ಸುತ್ತುಗಟ್ಟಿದ ಒಂದು ನಿರ್ವಾತ ಕೊಳವೆ ಇರುತ್ತದೆ. ಅದರ ಸುತ್ತಲಿನ ಸುರುಳಿಗಳು ಬಲವಾದ ಕಾಂತಕ್ಷೇತ್ರವನ್ನು ಹುಟ್ಟಿಸುತ್ತವೆ. ಅಷ್ಟೇ ಸಾಲದು. ಪ್ಲಾಸ್ಮಾ ಚೆದುರದೆ ನಿಲ್ಲಬೇಕಾದರೆ ಕಾಂತರೇಖೆಗಳು ಹಗ್ಗದಂತೆ ಹೊಸೆದುಕೊಳ್ಳಬೇಕು. ಆ ಹೊಸೆತ ಬರಲು ಪ್ಲಾಸ್ಮಾದೊಳಗೇ ಲಕ್ಷಾಂತರ ಆಂಪಿಯರ್ ಕರೆಂಟು ಹರಿಯಬೇಕು. ಇದನ್ನು 1950ರ ಆಸುಪಾಸಿನಲ್ಲಿ ಯೋಚಿಸಿದವರು ಇಗೋರ್ ತಾಮ್ ಮತ್ತು ಆಂದ್ರೇ ಸಖರೋವ್. ಕರೆಂಟು ಹರಿಸಲು ಸಿಕ್ಕ ಸುಲಭದ ದಾರಿ ಟ್ರಾನ್ಸ್‌ಫಾರ್ಮರ್. ಉಂಗುರದ ನಡುವೆ ಒಂದು ಸುರುಳಿ ನಿಲ್ಲಿಸಿ ಅದರಲ್ಲಿ ಕರೆಂಟನ್ನು ಏರಿಸುತ್ತ ಹೋದರೆ ಪ್ಲಾಸ್ಮಾದಲ್ಲೂ ಕರೆಂಟು ಹುಟ್ಟುತ್ತದೆ. ಜಾಣತನದ ಉಪಾಯವೇ. ಆದರೆ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದು ಅದರ ಕರೆಂಟು ಬದಲಾಗುತ್ತಿರುವಷ್ಟು ಹೊತ್ತು ಮಾತ್ರ, ಮತ್ತು ಯಾವ ಸುರುಳಿಯಲ್ಲೂ ಕರೆಂಟನ್ನು ಕೊನೆಯಿಲ್ಲದೆ ಏರಿಸಲಾಗದು. ಅದು ತನ್ನ ಮಿತಿ ಮುಟ್ಟಿದೊಡನೆ ಪ್ಲಾಸ್ಮಾದ ಕರೆಂಟಿಗೆ ತಳ್ಳುವವರಿಲ್ಲದಂತಾಗುತ್ತದೆ. ಹೀಗಾಗಿ ಟೋಕಮಾಕ್‌ಗೆ ಹುಟ್ಟುವಾಗಲೇ ಆಯುಸ್ಸು ನಿಗದಿಯಾಗಿರುತ್ತಿತ್ತು.

ಈ ಬಿಕ್ಕಟ್ಟಿಗೆ 1978ರಲ್ಲಿ ದಾರಿ ತೋರಿದವರು ನತಾನಿಯಲ್ ಫಿಶ್ ಎಂಬ ತರುಣ. ರೇಡಿಯೊ ತರಂಗಗಳನ್ನು ಉಂಗುರದ ಒಂದೇ ದಿಕ್ಕಿಗೆ ಹಾಯಿಸಿದರೆ ಅವು ಎಲೆಕ್ಟ್ರಾನುಗಳನ್ನು ಆ ದಿಕ್ಕಿಗೆ ತಳ್ಳುತ್ತವೆ, ಕರೆಂಟು ಹರಿಯುತ್ತದೆ. ತಳ್ಳಲು ಬೇಕಾಗುವ ಶಕ್ತಿ ವಿಪರೀತವಾದೀತು ಎಂದು ತಿಳಿದವರು ಆ ಯೋಚನೆಯನ್ನು ಬದಿಗೆ ಸರಿಸಿದ್ದರು. ಫಿಶ್ ಲೆಕ್ಕ ಹಾಕಿ ತೋರಿಸಿದ ಅಂಶ ಬೇರೆ: ವೇಗವಾಗಿ ಓಡುವ ಎಲೆಕ್ಟ್ರಾನುಗಳು ಉಳಿದ ಕಣಗಳಿಗೆ ಡಿಕ್ಕಿ ಹೊಡೆಯುವುದು ಕಡಿಮೆ, ಆದ್ದರಿಂದ ಅವುಗಳನ್ನೇ ಆರಿಸಿ ತಳ್ಳಿದರೆ ಒಮ್ಮೆ ಕೊಟ್ಟ ವೇಗ ಬಹಳ ಹೊತ್ತು ಉಳಿಯುತ್ತದೆ. ಕೆಲವೇ ವರ್ಷಗಳಲ್ಲಿ ಜಪಾನ್‌ನಲ್ಲೂ ಪ್ರಿನ್ಸ್‌ಟನ್‌ನಲ್ಲೂ ಇದು ಪ್ರಯೋಗದಲ್ಲಿ ರುಜುವಾತಾಯಿತು. ಅತ್ತ 1971ರಲ್ಲೇ ಕಲ್ಹಂನ ಬಿಕರ್ಟನ್, ಕಾನರ್, ಟೇಲರ್ ಮೂವರು ಇನ್ನೊಂದು ಮಾತು ಬರೆದಿಟ್ಟಿದ್ದರು. ಪ್ಲಾಸ್ಮಾದ ನಡುವಿನ ಒತ್ತಡ ಅಂಚಿಗಿಂತ ಹೆಚ್ಚಿದ್ದಾಗ ಆ ಇಳಿಜಾರೇ ತನ್ನಷ್ಟಕ್ಕೆ ಸ್ವಲ್ಪ ಕರೆಂಟು ಹುಟ್ಟಿಸುತ್ತದೆ ಎಂದು. ಅದು ಪ್ರಯೋಗದಲ್ಲಿ ಸ್ಪಷ್ಟವಾಗಿ ಕಂಡದ್ದು 80ರ ದಶಕದಲ್ಲಿ. ಟ್ರಾನ್ಸ್‌ಫಾರ್ಮರ್ ಇಲ್ಲದೆಯೂ ಟೋಕಮಾಕ್ ಬದುಕಬಹುದು ಎಂಬ ಧೈರ್ಯ ಬಂತು.

ಪ್ರಿನ್ಸ್‌ಟನ್‌ನ ಪಿಎಲ್‌ಟಿ ಎಂಬ ಯಂತ್ರದ ಸಣ್ಣ ಕತೆಯೊಂದನ್ನು ಇಲ್ಲೇ ಹೇಳಿಬಿಡಬೇಕು, ಮುಂದೆ ಅದರ ನೆನಪು ಬೇಕಾಗುತ್ತದೆ. 70ರ ದಶಕದ ನಡುವೆ ಅದರಲ್ಲಿ ಪ್ಲಾಸ್ಮಾದ ಅಂಚಿಗೆ ತಾಗುವ ಭಾಗಗಳನ್ನು ಟಂಗ್‌ಸ್ಟನ್‌ನಿಂದ ಮಾಡಿದ್ದರು. 3,400 ಡಿಗ್ರಿ ದಾಟಿದ ಮೇಲೆ ಕರಗುವ ಲೋಹ. ಅದಕ್ಕಿಂತ ಗಟ್ಟಿ ಇನ್ನಾವುದು? ಆದರೆ ಲೋಹದ ಪರಮಾಣುಗಳು ಸ್ವಲ್ಪ ಸ್ವಲ್ಪವೇ ಕಿತ್ತು ಪ್ಲಾಸ್ಮಾದ ಒಳಕ್ಕೆ ಹೋದವು. ಟಂಗ್‌ಸ್ಟನ್ ಪರಮಾಣುವಿಗೆ 74 ಎಲೆಕ್ಟ್ರಾನುಗಳು. ಕೋಟಿ ಡಿಗ್ರಿಯಲ್ಲೂ ಅವೆಲ್ಲ ಬಿಟ್ಟುಹೋಗುವುದಿಲ್ಲ. ಉಳಿದುಕೊಂಡವು ಎಕ್ಸ್-ಕಿರಣಗಳ ರೂಪದಲ್ಲಿ ಶಾಖವನ್ನು ಹೊರಚೆಲ್ಲುತ್ತಲೇ ಇರುತ್ತವೆ. ಪಿಎಲ್‌ಟಿಯ ಪ್ಲಾಸ್ಮಾ ಅಂಚಿಗಿಂತ ನಡುವಿನಲ್ಲೇ ತಣ್ಣಗಾಗತೊಡಗಿತು. ಟಂಗ್‌ಸ್ಟನ್ ಕಿತ್ತು ಇಂಗಾಲ ಹಾಕಿದರು. ಆರೇ ಎಲೆಕ್ಟ್ರಾನುಗಳ ಇಂಗಾಲ ಒಳಗೆ ಹೋದರೂ ಅಂಥ ಹಾನಿ ಮಾಡುವುದಿಲ್ಲ. 1978ರ ಬೇಸಿಗೆಯಲ್ಲಿ ಅದೇ ಯಂತ್ರ 6 ಕೋಟಿ ಡಿಗ್ರಿ ಮುಟ್ಟಿತು. ಟಂಗ್‌ಸ್ಟನ್‌ಗೆ ವಿದಾಯ ಹೇಳಿ ಜಗತ್ತಿನ ದೊಡ್ಡ ಟೋಕಮಾಕ್‌ಗಳೆಲ್ಲ ಇಂಗಾಲದ ಕಡೆ ತಿರುಗಿದವು.

1982ರಲ್ಲಿ ಜರ್ಮನಿಯ ಗಾರ್ಚಿಂಗ್‌ನಲ್ಲಿ ಎಎಸ್‌ಡಿಇಎಕ್ಸ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ ಫ್ರೀಡ್ರಿಚ್ ವಾಗ್ನರ್ ಒಂದು ವಿಚಿತ್ರವನ್ನು ಗಮನಿಸಿದರು. ಶಾಖ ಕೊಡುವ ಪ್ರಮಾಣ ಒಂದು ಮಟ್ಟ ದಾಟಿದೊಡನೆ ಪ್ಲಾಸ್ಮಾದ ಅಂಚಿನಲ್ಲಿ ತಡೆಗೋಡೆಯೊಂದು ತಾನಾಗಿ ಎದ್ದು, ಶಾಖ ಸೋರುವುದು ಏಕಾಏಕಿ ತಗ್ಗಿತು. ಇದನ್ನೇ ಎಚ್-ಮೋಡ್ ಎನ್ನುತ್ತಾರೆ. ಇವತ್ತು 'ಉನ್ನತ ಮಟ್ಟದ ಪ್ಲಾಸ್ಮಾ' ಎಂದು ಯಾರಾದರೂ ಹೇಳಿದರೆ ಬಹುಮಟ್ಟಿಗೆ ಇದೇ ಸ್ಥಿತಿ. ವರದ ಜೊತೆ ಶಾಪವೂ ಬಂತು. ಆ ತಡೆಗೋಡೆ ತುಂಬಿ ತುಂಬಿ ಆಗಾಗ ಒಡೆಯುತ್ತದೆ. ಒಡೆದಾಗಲೆಲ್ಲ ಶಾಖದ ಹೊಡೆತ ನಿಜವಾದ ಗೋಡೆಗೆ ಬೀಳುತ್ತದೆ. ಸ್ಯಾನ್ ಡಿಯಾಗೋದ ಡಿಐಐಐ-ಡಿ ಮತ್ತು ಆಮೇಲೆ ಕೊರಿಯದ ಕೆಸ್ಟಾರ್ ಯಂತ್ರಗಳ ವಿಜ್ಞಾನಿಗಳು ಅಂಚಿನ ಕಾಂತಕ್ಷೇತ್ರವನ್ನು ಬೇಕೆಂದೇ ತುಸು ಕದಡಿ ಈ ಒಡೆತವನ್ನು ಅಡಗಿಸುವುದನ್ನು ಕಲಿತದ್ದು ಮುಂದಿನ ದಶಕಗಳ ಮಾತು.

ಹೊತ್ತು ಹೆಚ್ಚಿಸಲು ಹೊರಟವರಿಗೆ ಎದುರಾದದ್ದು ಒಂದೇ ಗಡಿಯಾರವಲ್ಲ ಎನ್ನುವುದು ಇಷ್ಟರಲ್ಲಿ ಗೊತ್ತಾಗಿತ್ತು. ಪ್ಲಾಸ್ಮಾ ತನ್ನ ಶಾಖವನ್ನು ಹಿಡಿದಿಟ್ಟುಕೊಳ್ಳುವ ಅವಧಿ ಸೆಕೆಂಡಿಗಿಂತ ಕಡಿಮೆ. ಒಳಗಿನ ಕರೆಂಟು ಎಲ್ಲೆಲ್ಲಿ ಎಷ್ಟೆಷ್ಟು ಹರಿಯಬೇಕೆಂದು ನೆಲೆಗೊಳ್ಳಲು ಕೆಲವು ಸೆಕೆಂಡು, ದೊಡ್ಡ ಯಂತ್ರಗಳಲ್ಲಿ ಇನ್ನೂ ಹೆಚ್ಚು. ಗೋಡೆಯ ಫಲಕಗಳು ಕಾದು ಒಂದು ಉಷ್ಣತೆಗೆ ನಿಲ್ಲಲು ಮತ್ತಷ್ಟು. ಗೋಡೆ ಅನಿಲವನ್ನು ಹೀರುವುದು, ಮರಳಿ ಉಗುಳುವುದು ಒಂದು ಸಮತೋಲಕ್ಕೆ ಬರಲು ನೂರಾರು, ಸಾವಿರಾರು ಸೆಕೆಂಡು. ಹತ್ತು ಸೆಕೆಂಡಿನ ಪ್ರಯೋಗ ಮಾಡಿದವನಿಗೆ ಕೊನೆಯ ಗಡಿಯಾರ ಒಂದಿದೆ ಎಂಬುದೇ ತಿಳಿಯುವುದಿಲ್ಲ. ಆರತಿಯ ಕುಡಿಯ ಮೇಲೆ ಅಂಗೈ ಸರ್ರನೆ ಆಡಿಸಿದರೆ ಸುಡುವುದಿಲ್ಲ. ಅಲ್ಲೇ ನಿಲ್ಲಿಸಿ ನೋಡಿದಾಗಲೇ ಚರ್ಮಕ್ಕೂ ಬೆಂಕಿಗೂ ಇರುವ ಸಂಬಂಧ ಅರ್ಥವಾಗುವುದು.

ಹಾಗೆ ಅಂಗೈ ನಿಲ್ಲಿಸಿದ ಮೊದಲಿಗರಲ್ಲಿ ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದವರೂ ಸೇರಿದ್ದಾರೆ. ತಾಮ್ರದ ಸುರುಳಿಗಳು ಕರೆಂಟಿಗೆ ಕಾದುಹೋಗುತ್ತವೆ, ಆದ್ದರಿಂದ ದೀರ್ಘಾವಧಿಗೆ ಅತಿವಾಹಕ ತಂತಿಯೇ ಬೇಕು. ಅಂಥ ಸುರುಳಿಗಳನ್ನು ಸುತ್ತಿದ ಟ್ರಯಾಮ್-1ಎಂ ಎಂಬ ಪುಟ್ಟ ಯಂತ್ರ 80ರ ದಶಕದ ಕೊನೆಗೆ ಗಂಟೆ ಮೀರಿ ಉರಿಯಿತು. 2003ರಲ್ಲಿ 5 ಗಂಟೆ 16 ನಿಮಿಷ. ಈ ಅಂಕಿ ನೋಡಿದವರು ಫ್ರಾನ್ಸ್, ಚೀನಾಗಳ ನಿಮಿಷಗಳ ದಾಖಲೆಗೆ ಯಾಕಿಷ್ಟು ಗದ್ದಲ ಎಂದು ಕೇಳಿದರೆ ತಪ್ಪಿಲ್ಲ. ಟ್ರಯಾಮ್‌ನ ಪ್ಲಾಸ್ಮಾ ಬಹಳ ತೆಳು. ಕೆಲವೇ ಕಿಲೋವ್ಯಾಟ್ ತರಂಗಶಕ್ತಿಯಲ್ಲಿ ಉಸಿರಾಡುತ್ತಿದ್ದದ್ದು. ವಿದ್ಯುತ್ ಸ್ಥಾವರದ ಹಾದಿಯಲ್ಲಿ ಅದು ಒಂದು ಹೆಜ್ಜೆಯಲ್ಲ ಎಂದು ಮೂಗುಮುರಿಯುವವರಿದ್ದರು, ಈಗಲೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಗೋಡೆ ಮೊದಲು ಅನಿಲವನ್ನು ಹೀರುತ್ತದೆ, ತುಂಬಿದಾಗ ಬಿಡುತ್ತದೆ, ಎಲ್ಲೋ ಒಂದು ಮೂಲೆ ಕೆಂಪಗೆ ಕಾದು ಇಡೀ ಪ್ಲಾಸ್ಮಾವನ್ನು ಕೆಡಿಸುತ್ತದೆ: ಇವೆಲ್ಲ ಗಂಟೆಗಳ ಲೆಕ್ಕದಲ್ಲಿ ಕಣ್ಣಿಗೆ ಬಿದ್ದದ್ದು ಅಲ್ಲಿ. ಬಡ ಯಂತ್ರವಾದರೂ ಕೊನೆಯ ಗಡಿಯಾರವನ್ನು ಮುಟ್ಟಿ ನೋಡಿದ ಯಂತ್ರ.

ದೊಡ್ಡ ಪ್ರಮಾಣದಲ್ಲಿ ಈ ಹಟ ಹಿಡಿದವರು ಫ್ರೆಂಚರು. ದಕ್ಷಿಣ ಫ್ರಾನ್ಸಿನ ಕದರಾಶ್‌ನಲ್ಲಿ ಅಲ್ಲಿನ ಪರಮಾಣು ಶಕ್ತಿ ಆಯೋಗ ತೋರ್ ಸುಪ್ರಾ ಎಂಬ ಯಂತ್ರ ಕಟ್ಟಲು ಹೊರಟಾಗ ಬೇರೆಯವರೆಲ್ಲ ದೊಡ್ಡದು ಕಟ್ಟುವ ಹುಮ್ಮಸ್ಸಿನಲ್ಲಿದ್ದರು. ಇಂಗ್ಲೆಂಡಿನಲ್ಲಿ ಜೆಇಟಿ, ಅಮೆರಿಕದಲ್ಲಿ ಟಿಎಫ್‌ಟಿಆರ್, ಜಪಾನಿನಲ್ಲಿ ಜೆಟಿ-60. ಮೂರೂ ತಾಮ್ರದ ಸುರುಳಿಯವು. ತೋರ್ ಸುಪ್ರಾದ ನೇತೃತ್ವ ವಹಿಸಿದ ರೋಬೆರ್ ಎಮಾರ್ ಮತ್ತವರ ತಂಡ ನಯೋಬಿಯಂ-ಟೈಟೇನಿಯಂ ಅತಿವಾಹಕ ಸುರುಳಿಗಳನ್ನು ಆರಿಸಿಕೊಂಡಿತು. ಅವನ್ನು 1.8 ಕೆಲ್ವಿನ್‌ನ, ಅಂದರೆ ಸೊನ್ನೆಗಿಂತ 271 ಡಿಗ್ರಿ ಕೆಳಗಿನ ಹೀಲಿಯಂನಲ್ಲಿ ಮುಳುಗಿಸಿಡಬೇಕು. ಅಷ್ಟು ತಣ್ಣಗಾದಾಗ ಹೀಲಿಯಂ ಜಿಗುಟನ್ನೇ ಕಳೆದುಕೊಂಡು ಎಲ್ಲ ಸಂದುಗಳಲ್ಲೂ ನುಸುಳಿ, ಶಾಖವನ್ನು ಅಸಾಧಾರಣ ವೇಗದಲ್ಲಿ ಹೊತ್ತೊಯ್ಯುತ್ತದೆ. ಇಷ್ಟು ದೊಡ್ಡ ಪ್ರಮಾಣದಲ್ಲಿ ಅದನ್ನು ಆಗ ಯಾರೂ ಪಳಗಿಸಿರಲಿಲ್ಲ. ಜಿನೀವಾದ ಸರ್ನ್ ಪ್ರಯೋಗಾಲಯದವರು ತಮ್ಮ 27 ಕಿಲೋಮೀಟರ್ ಉದ್ದದ ಕಣ ವೇಗವರ್ಧಕವನ್ನು ತಂಪಾಗಿಡಲು ಅದೇ ವಿದ್ಯೆಯನ್ನು ನೆಚ್ಚಿಕೊಂಡರು. ಎಮಾರ್ ಅವರೇ ಮುಂದೆ ಅಲ್ಲಿಗೆ ಮಹಾನಿರ್ದೇಶಕರಾಗಿ ಹೋದರು.

1988ರ ಏಪ್ರಿಲ್ 1ರಂದು ತೋರ್ ಸುಪ್ರಾದಲ್ಲಿ ಮೊದಲ ಪ್ಲಾಸ್ಮಾ ಮೂಡಿತು. 1996ರಲ್ಲಿ 2 ನಿಮಿಷ. ಅಲ್ಲಿಗೆ ಯಂತ್ರ ಬೇಡ ಎಂದಿತು. ಸುರುಳಿಗಳೇನೋ ದಿನವಿಡೀ ಕೆಲಸ ಮಾಡಲು ಸಿದ್ಧ, ತರಂಗಗಳು ಕರೆಂಟು ಹರಿಸಲು ಸಿದ್ಧ. ಒಳಗಿನ ಭಾಗಗಳು ಕಾಯುತ್ತಲೇ ಹೋದವು. ಆಗ ಅವರು ಮಾಡಿದ ಕೆಲಸ ಕೊಳಾಯಿ ಕೆಲಸ. ಯಂತ್ರದ ಹೊಟ್ಟೆಯನ್ನು ಬಿಚ್ಚಿ, ಪ್ಲಾಸ್ಮಾಗೆ ಮುಖಾಮುಖಿಯಾಗುವ ಪ್ರತಿ ಚದರ ಅಂಗುಲದ ಬೆನ್ನಿಗೂ ನೀರು ಹರಿಯುವಂತೆ ಮರಳಿ ಕಟ್ಟಿದರು. ತಳದಲ್ಲಿ ಉಂಗುರದ ಉದ್ದಕ್ಕೂ ಒಂದು ಹೊಸ ಪಟ್ಟಿ. ಅದರಲ್ಲಿ ಐನೂರಕ್ಕೂ ಹೆಚ್ಚು ಬೆರಳುಗಳು. ಒಂದೊಂದು ಬೆರಳಿನ ಮೇಲೂ ಇಂಗಾಲದ ನಾರಿನ ಬಿಲ್ಲೆಗಳು, ಅಡಿಯಲ್ಲಿ ತಾಮ್ರದ ಮಿಶ್ರಲೋಹ, ಅದರೊಳಗೆ ಒತ್ತಡದಲ್ಲಿ ಓಡುವ ನೀರು. ಒಂದು ಚದರ ಮೀಟರಿಗೆ 10 ಮೆಗಾವ್ಯಾಟ್ ಶಾಖವನ್ನು ಎಡೆಬಿಡದೆ ಹೊತ್ತುಹಾಕಬೇಕು. ಇಂಗಾಲಕ್ಕೂ ತಾಮ್ರಕ್ಕೂ ಬೆಸುಗೆ ಎಲ್ಲಾದರೂ ಸಡಿಲಿದರೆ ಆ ಬಿಲ್ಲೆ ಕೆಂಪಗೆ ಕಾಯುತ್ತದೆ; ಕೊಳವೆಯೇನಾದರೂ ತೂತಾದರೆ ನಿರ್ವಾತದೊಳಗೆ ನೀರು. ಇಂಥ ಕೆಲಸಕ್ಕೆ ಪತ್ರಿಕೆಗಳ ಮುಖಪುಟದಲ್ಲಿ ಜಾಗವಿಲ್ಲ. ಸಮ್ಮಿಲನದ ಇತಿಹಾಸದಲ್ಲಿ ಇದಕ್ಕಿಂತ ಮುಖ್ಯವಾದ ಬೆಸುಗೆ ನಡೆದಿದೆ ಎಂದು ನಾನಂತೂ ಹೇಳಲಾರೆ.

2003ರ ಡಿಸೆಂಬರ್‌ನಲ್ಲಿ ಫಲ ಬಂತು. ಆರು ನಿಮಿಷ ಮೀರಿ ಪ್ಲಾಸ್ಮಾ ಉರಿಯಿತು. ಒಳಗೆ ತುಂಬಿದ ಮತ್ತು ಅಷ್ಟೇ ಅಚ್ಚುಕಟ್ಟಾಗಿ ಹೊರತೆಗೆದ ಶಕ್ತಿ ಒಂದು ಗಿಗಾಜೂಲ್‌ಗೂ ಮೇಲೆ, ಸುಮಾರು 280 ಯೂನಿಟ್ ವಿದ್ಯುತ್ತಿನಷ್ಟು. ಕರೆಂಟನ್ನು ಪೂರ್ತಿ ತರಂಗಗಳೇ ಹೊತ್ತಿದ್ದವು. ಶಾಖ ಒಳಹೋಗುವ ವೇಗಕ್ಕೂ ನೀರಿನೊಡನೆ ಹೊರಹೋಗುವ ವೇಗಕ್ಕೂ ತಾಳೆಯಾಗಿತ್ತು.

ಅನಿಲದ ಲೆಕ್ಕ ಮಾತ್ರ ತಾಳೆಯಾಗಲಿಲ್ಲ. ಒಳಗೆ ಬಿಟ್ಟ ಡ್ಯೂಟೀರಿಯಂ ಎಂಬ ಭಾರ ಜಲಜನಕದಲ್ಲಿ ಹತ್ತಿರಹತ್ತಿರ ಅರ್ಧ ಹೊರಗೆ ಬರಲೇ ಇಲ್ಲ. ಗೋಡೆ ತುಂಬಿದ ಮೇಲೆ ಹೀರುವುದು ನಿಲ್ಲುತ್ತದೆ ಎಂದುಕೊಂಡಿದ್ದರು; ನಿಮಿಷ ಕಳೆದಂತೆಲ್ಲ ಅದು ಅದೇ ವೇಗದಲ್ಲಿ ಹೀರುತ್ತಲೇ ಹೋಯಿತು. ಪ್ಲಾಸ್ಮಾ ಇಂಗಾಲವನ್ನು ಸವೆಸುತ್ತದೆ, ಸವೆದ ಇಂಗಾಲ ಡ್ಯೂಟೀರಿಯಂನೊಡನೆ ಕೂಡಿ ನೆರಳಿನ ಮೂಲೆಗಳಲ್ಲಿ ಹೊಸ ಪದರವಾಗಿ ಕೂಡುತ್ತದೆ, ಆ ಪದರಕ್ಕೆ ಭರ್ತಿ ಎಂಬುದೇ ಇಲ್ಲ. ಡ್ಯೂಟೀರಿಯಂ ಅಗ್ಗದ ಮಾಲು, ಹೋದರೆ ಹೋಗಲಿ. ನಿಜವಾದ ಸ್ಥಾವರದಲ್ಲಿ ಇಂಧನದ ಅರ್ಧ ಟ್ರಿಟಿಯಂ: ವಿಕಿರಣಶೀಲ, ದುಬಾರಿ, ಅತಿ ವಿರಳ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಅಂತರರಾಷ್ಟ್ರೀಯ ಯಂತ್ರ ಐಟರ್‌ನ ಒಳಗೋಡೆಯಲ್ಲಿ ಸುಮಾರು 700 ಗ್ರಾಂಗಿಂತ ಹೆಚ್ಚು ಟ್ರಿಟಿಯಂ ಉಳಿಯಕೂಡದೆಂದು ಸುರಕ್ಷತೆಯ ಮಿತಿ. ಇಂಗಾಲದ ಗೋಡೆ ಇಟ್ಟರೆ ಆ ಮಿತಿ ಬೇಗ ಮುಟ್ಟಿ, ಯಂತ್ರ ನಿಲ್ಲಿಸಿ ಗೋಡೆ ತೊಳೆಯುತ್ತ ಕೂರಬೇಕಾಗುತ್ತದೆ. ಹತ್ತು ಸೆಕೆಂಡಿನ ಪ್ರಯೋಗಗಳಲ್ಲಿ ಮೂವತ್ತು ವರ್ಷ ಒಳ್ಳೆಯ ಹೆಸರು ಪಡೆದ ವಸ್ತು ನಿಮಿಷಗಳ ಪರೀಕ್ಷೆಯಲ್ಲಿ ಹೀಗೆ ನಪಾಸಾಯಿತು.

ಹಾಗಾದರೆ ಇನ್ನೇನು? ಪಿಎಲ್‌ಟಿಯವರು 70ರ ದಶಕದಲ್ಲಿ ಕಿತ್ತೆಸೆದ ಟಂಗ್‌ಸ್ಟನ್. ಅದು ಇಂಧನ ಹೀರುವುದು ಇಲ್ಲವೆನ್ನುವಷ್ಟು ಕಡಿಮೆ, ಸವೆಯುವುದೂ ಕಡಿಮೆ. ಪ್ಲಾಸ್ಮಾದ ನಡುವಿಗೆ ನುಗ್ಗದಂತೆ ಕಾಯುವುದೊಂದು ಗೊತ್ತಿರಬೇಕು. ಈ ನಡುವೆ ಆ ವಿದ್ಯೆಯೂ ಬೆಳೆದಿತ್ತು. ಪ್ಲಾಸ್ಮಾದ ಕಸವನ್ನು ತಳದ ಒಂದು ಕಾಲುವೆಗೆ ತಿರುಗಿಸುವ ಡೈವರ್ಟರ್ ಎಂಬ ಏರ್ಪಾಡು, ಅಂಚನ್ನು ತಂಪಾಗಿಡುವ ಕ್ರಮ, ನಡುವಿಗೆ ಶಾಖ ಕೊಟ್ಟು ಲೋಹವನ್ನು ಹೊರದಬ್ಬುವ ಕ್ರಮ. 2013ರಲ್ಲಿ ಐಟರ್ ತನ್ನ ಡೈವರ್ಟರ್‌ಗೆ ಮೊದಲಿನಿಂದಲೇ ಟಂಗ್‌ಸ್ಟನ್ ಎಂದು ತೀರ್ಮಾನಿಸಿತು. ಕದರಾಶ್‌ನವರು ತಾವು ಹೆಮ್ಮೆಯಿಂದ ಕಟ್ಟಿದ ಇಂಗಾಲದ ಹೊಟ್ಟೆಯನ್ನು ತಾವೇ ಕಿತ್ತರು. ದುಂಡನೆಯ ಪ್ಲಾಸ್ಮಾವನ್ನು ಇಂಗ್ಲಿಷಿನ ಡಿ ಅಕ್ಷರದ ಆಕಾರಕ್ಕೆ ತಂದು, ಹೊಸ ಸುರುಳಿಗಳನ್ನೂ ಟಂಗ್‌ಸ್ಟನ್ ಡೈವರ್ಟರನ್ನೂ ಕೂರಿಸಿ, ಯಂತ್ರಕ್ಕೆ ವೆಸ್ಟ್ ಎಂದು ಮರುನಾಮಕರಣ ಮಾಡಿದರು. 2016ರ ಡಿಸೆಂಬರ್‌ನಲ್ಲಿ ಅದು ಹೊತ್ತಿಕೊಂಡಿತು. ಐಟರ್ ಮಾದರಿಯ 456 ಟಂಗ್‌ಸ್ಟನ್ ಘಟಕಗಳಿರುವ ಪೂರ್ಣ ಡೈವರ್ಟರ್ 2022ರಲ್ಲಿ ಕೆಲಸ ಶುರುಮಾಡಿತು. ಆ ಘಟಕಗಳು ತಯಾರಾದದ್ದು ಚೀನಾದಲ್ಲಿ.

ಚೀನಾದ ಹೆಸರು ಬಂದಮೇಲೆ ಹೆಫೆಯ್ ನಗರದ ಕತೆ ಹೇಳಲೇಬೇಕು. ಅತಿವಾಹಕ ಸುರುಳಿಗಳಿದ್ದ ಜಗತ್ತಿನ ಮೊದಲ ಟೋಕಮಾಕ್ ರಷ್ಯನ್ನರ ಟಿ-7. ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದ ಹೊತ್ತಿನಲ್ಲಿ, ಅಂಗಡಿಗಳಲ್ಲಿ ಏನೂ ಸಿಗದ ಕಾಲದಲ್ಲಿ, ಕುರ್ಚಟೋವ್ ಸಂಸ್ಥೆ ಆ ಯಂತ್ರವನ್ನು ಹೆಫೆಯ್‌ಗೆ ದಾಟಿಸಿತು. ಬದಲಿಗೆ ಚೀನಾದಿಂದ ಹೋದದ್ದು ಬೆಚ್ಚನೆಯ ಬಟ್ಟೆಬರೆ, ಪಿಂಗಾಣಿಯಂಥ ಮನೆಬಳಕೆಯ ಸರಕು ಎಂದು ಚೀನೀ ಬರಹಗಳು ಹೇಳುತ್ತವೆ. ಆ ಯಂತ್ರವನ್ನು ಬಿಚ್ಚಿ ಬದಲಿಸಿ ಎಚ್‌ಟಿ-7 ಎಂದು ಕಟ್ಟಿ, ಅದರ ಮೇಲೆ ಕೈ ಪಳಗಿಸಿಕೊಂಡ ಹೆಫೆಯ್‌ನವರು 2006ರ ಸೆಪ್ಟೆಂಬರ್‌ನಲ್ಲಿ ಸ್ವಂತದ ಈಸ್ಟ್ ಯಂತ್ರವನ್ನು ಬೆಳಗಿಸಿದರು. ಅದರಲ್ಲಿ ಎಲ್ಲ ಸುರುಳಿಗಳೂ ಅತಿವಾಹಕ. ಆಮೇಲಿನ ಓಟ ಜಗತ್ತಿಗೆ ಗೊತ್ತಿದ್ದದ್ದೇ: 2017ರಲ್ಲಿ ಎಚ್-ಮೋಡ್‌ನಲ್ಲಿ 101 ಸೆಕೆಂಡು, 2021ರ ಡಿಸೆಂಬರ್‌ನಲ್ಲಿ 1,056 ಸೆಕೆಂಡಿನ ಪ್ಲಾಸ್ಮಾ, 2023ರ ಏಪ್ರಿಲ್‌ನಲ್ಲಿ ಎಚ್-ಮೋಡ್‌ನಲ್ಲೇ 403 ಸೆಕೆಂಡು, 2025ರ ಜನವರಿ 20ರಂದು 1,066 ಸೆಕೆಂಡು. ಅವರ ಗೋಡೆಯ ಗುಟ್ಟು ಲಿಥಿಯಂ. ಅದರ ತೆಳು ಲೇಪ ಕೊಟ್ಟು ಅನಿಲದ ಏರುಪೇರನ್ನು ಹದದಲ್ಲಿಡುತ್ತಾರೆ. ಮೂರು ವಾರ ಕಳೆಯುತ್ತಿದ್ದಂತೆ, ಫೆಬ್ರುವರಿ 12ರಂದು, ಕದರಾಶ್‌ನ ವೆಸ್ಟ್ 1,337 ಸೆಕೆಂಡು ಉರಿಯಿತು. 22 ನಿಮಿಷ ಮೀರಿ, 2 ಮೆಗಾವ್ಯಾಟ್ ಶಾಖದಲ್ಲಿ, ಟಂಗ್‌ಸ್ಟನ್ ಗೋಡೆಗಳ ನಡುವೆ.

ಇದನ್ನು ಈಸ್ಟ್-ವೆಸ್ಟ್‌ಗಳ ಕುದುರೆ ಓಟವೆಂದು ಬರೆಯಲು ಹೆಸರುಗಳೇ ಆಸೆ ಹುಟ್ಟಿಸುತ್ತವೆ. ಆದರೆ ಸುದ್ದಿಯಲ್ಲಿ ಬರುವ ಅಂಕಿಗಳು ಒಂದೇ ಜಾತಿಯವಲ್ಲ ಎಂಬುದನ್ನು ಓದುಗರು ಗಮನಿಸಬೇಕು. '10 ಕೋಟಿ ಡಿಗ್ರಿ' ಎಂದಾಗ ಯಾರ ಉಷ್ಣತೆ ಎಂದು ಕೇಳಬೇಕು. ತರಂಗಗಳಿಂದ ಕಾಯಿಸಿದಾಗ ಮೊದಲು ಬಿಸಿಯಾಗುವುದು ಎಲೆಕ್ಟ್ರಾನುಗಳು; ಸಮ್ಮಿಲನಗೊಳ್ಳಬೇಕಾದ ಅಯಾನುಗಳು ಅದಕ್ಕಿಂತ ಬಹಳ ತಣ್ಣಗಿರಬಹುದು. ಈಸ್ಟ್, ವೆಸ್ಟ್‌ಗಳ ದೀರ್ಘ ಪ್ಲಾಸ್ಮಾಗಳು ಹೆಚ್ಚಾಗಿ ಈ ಬಗೆಯವು. ದಕ್ಷಿಣ ಕೊರಿಯದ ಡೇಜಾನ್‌ನಲ್ಲಿರುವ ಕೆಸ್ಟಾರ್ ಅಯಾನುಗಳನ್ನೇ 10 ಕೋಟಿ ಡಿಗ್ರಿಗೆ ಏರಿಸಿತು: 2018ರಲ್ಲಿ ಸೆಕೆಂಡು ಒಂದೂವರೆ, 2020ರಲ್ಲಿ 20, 2021ರಲ್ಲಿ 30. ಅಲ್ಲಿ ಇಂಗಾಲದ ಡೈವರ್ಟರ್ ಕಾದು ತಡೆಯೊಡ್ಡಿತು. ಅದನ್ನು ತೆಗೆದು ಟಂಗ್‌ಸ್ಟನ್ ಹಾಕಿದ ಮೇಲೆ, 2024ರ ಆರಂಭಕ್ಕೆ ಮುಗಿದ ಸುತ್ತಿನಲ್ಲಿ 48 ಸೆಕೆಂಡು. ಇನ್ನು ನಿಜವಾಗಿ ಸಮ್ಮಿಲನ ಶಕ್ತಿ ಬಿಡುಗಡೆ ಮಾಡಿದ್ದು ಕಲ್ಹಂನ ಜೆಇಟಿ. ಡ್ಯೂಟೀರಿಯಂ-ಟ್ರಿಟಿಯಂ ಉರಿಸಿ 2023ರ ಅಕ್ಟೋಬರ್‌ನಲ್ಲಿ ಅದು 69 ಮೆಗಾಜೂಲ್ ಪಡೆಯಿತು, ಐದಾರು ಸೆಕೆಂಡಿನಲ್ಲಿ. ಅದರ ತಾಮ್ರದ ಸುರುಳಿಗಳು ಅದಕ್ಕಿಂತ ಹೆಚ್ಚು ತಾಳುವಂತಿರಲಿಲ್ಲ. 69 ಮೆಗಾಜೂಲ್ ಎಂದರೆ 19 ಯೂನಿಟ್. ಅದೇ ವಿಶ್ವದಾಖಲೆ. ಹೆಚ್ಚು ಹೊತ್ತು ಉರಿದದ್ದು ಸಮ್ಮಿಲನ ಮಾಡಿಲ್ಲ, ಸಮ್ಮಿಲನ ಮಾಡಿದ್ದು ಹೆಚ್ಚು ಹೊತ್ತು ಉರಿದಿಲ್ಲ; ಎರಡನ್ನೂ ಒಂದೇ ಯಂತ್ರ ಇನ್ನೂ ಮಾಡಿಲ್ಲ.

ಭಾರತವೂ ಈ ದೀರ್ಘಾವಧಿಯ ಕನಸು ಕಂಡಿತ್ತು. ಗಾಂಧಿನಗರದ ಬಳಿಯ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ಪ್ರಿಧಿಮಾನ್ ಕಾವ್ ಅವರ ನೇತೃತ್ವದಲ್ಲಿ 1989ರಲ್ಲಿ ಆದಿತ್ಯ ಟೋಕಮಾಕ್ ಶುರುವಾಯಿತು. ಅದರ ಬೆನ್ನಿಗೇ ಎಸ್‌ಎಸ್‌ಟಿ-1 ಎಂಬ ಅತಿವಾಹಕ ಯಂತ್ರವನ್ನು 1,000 ಸೆಕೆಂಡಿನ ಗುರಿಯಿಟ್ಟು ವಿನ್ಯಾಸಗೊಳಿಸಿದರು. ಈಸ್ಟ್ ಇನ್ನೂ ಹುಟ್ಟದಿದ್ದ ಕಾಲದಲ್ಲಿ ಅದು ಸಣ್ಣ ಗುರಿಯಲ್ಲ. ಹೀಲಿಯಂ ಸೋರಿಕೆ, ಸುರುಳಿಗಳ ಜೋಡಣೆಯ ತೊಡಕುಗಳಿಂದ ಯಂತ್ರವನ್ನು ಬಿಚ್ಚಿ ಸರಿಪಡಿಸಿ ಮೊದಲ ಪ್ಲಾಸ್ಮಾ ಕಾಣುವಾಗ 2013 ಆಗಿತ್ತು. ಅಲ್ಲಿಂದಾಚೆ ಸಾವಿರ ಸೆಕೆಂಡು ಒತ್ತಟ್ಟಿಗಿರಲಿ, ಒಂದು ಸೆಕೆಂಡಿನ ಆಸುಪಾಸಿನಲ್ಲೇ ಹೆಣಗಾಟ ನಡೆಯಿತು. ನಮ್ಮವರ ಕೈ ಗೆದ್ದದ್ದು ಬೇರೆ ಬಗೆಯಲ್ಲಿ: ಐಟರ್ ಇಡೀ ಯಂತ್ರವನ್ನು ಒಳಗಿಟ್ಟುಕೊಳ್ಳುವ, ಸುಮಾರು 30 ಮೀಟರ್ ಎತ್ತರ ಅಗಲಗಳ ಉಕ್ಕಿನ ನಿರ್ವಾತ ಪಾತ್ರೆ ಗುಜರಾತಿನ ಹಜೀರಾದಲ್ಲಿ ತುಂಡುತುಂಡಾಗಿ ತಯಾರಾಗಿ ಹಡಗಿನಲ್ಲಿ ಫ್ರಾನ್ಸ್ ಸೇರಿತು.

ಐಟರ್‌ನ ಗುರಿ 500 ಮೆಗಾವ್ಯಾಟ್ ಸಮ್ಮಿಲನ ಶಕ್ತಿ, 400 ಸೆಕೆಂಡು. ವೆಸ್ಟ್ 1,337 ಸೆಕೆಂಡು ಮುಟ್ಟಿರುವಾಗ 400 ಏನು ಮಹಾ ಎನ್ನಿಸಬಹುದು. ವೆಸ್ಟ್‌ನ ಗೋಡೆ ಹೊತ್ತದ್ದು 2 ಮೆಗಾವ್ಯಾಟ್. ಐಟರ್‌ನಲ್ಲಿ ನ್ಯೂಟ್ರಾನುಗಳ ಪಾಲನ್ನು ಬಿಟ್ಟರೂ ಪ್ಲಾಸ್ಮಾದೊಳಗೇ 150 ಮೆಗಾವ್ಯಾಟ್ ಉಳಿಯುತ್ತದೆ, ಮತ್ತು ಅದೆಲ್ಲ ಗೋಡೆಯ ಮೂಲಕವೇ ಹೊರಬರಬೇಕು. 2024ರ ಜುಲೈನಲ್ಲಿ ಐಟರ್ ತನ್ನ ಯೋಜನೆಯನ್ನು ಪರಿಷ್ಕರಿಸಿ ಪ್ರಕಟಿಸಿದಾಗ ಪತ್ರಿಕೆಗಳು ವಿಳಂಬದ ಬಗ್ಗೆ ಬರೆದವು: ಪ್ರಯೋಗಗಳು 2034ಕ್ಕೆ, ಡ್ಯೂಟೀರಿಯಂ-ಟ್ರಿಟಿಯಂ 2039ಕ್ಕೆ. ಅದೇ ಪರಿಷ್ಕರಣೆಯಲ್ಲಿ ಇನ್ನೊಂದು ಸಾಲಿತ್ತು. ಡೈವರ್ಟರ್ ಮಾತ್ರವಲ್ಲ, ಅದುವರೆಗೆ ಬೆರಿಲಿಯಂ ಎಂದು ಗೊತ್ತುಮಾಡಿದ್ದ ಉಳಿದ ಒಳಗೋಡೆಯೂ ಟಂಗ್‌ಸ್ಟನ್‌ದೇ ಆಗಲಿದೆ. ಕದರಾಶ್‌ನಲ್ಲಿ ಐಟರ್ ಕಟ್ಟಡಕ್ಕೆ ಕೂಗಳತೆಯಲ್ಲೇ ಇರುವ ವೆಸ್ಟ್ ತಂಡ ಈಗ ಇಟ್ಟುಕೊಂಡಿರುವ ಗುರಿ, ಪ್ಲಾಸ್ಮಾವನ್ನು ಇನ್ನೂ ಬಿಸಿಯಾಗಿಸಿ ಗಂಟೆಗಳವರೆಗೆ ಉರಿಸುವುದು.